ಉದ್ಯಮಬಾಗದ ಮಶಿನ್ ಶಾಪಿಗೆ ಅಪ್ಲಿಕೇಶನ್ ಕಂಟ್ರೋಲ್: ಆಯ್ಕೆ, ಆಡಿಟ್, ಜಾರಿ

ಬೆಳಗಾವಿ ಉದ್ಯಮಬಾಗದಲ್ಲಿರುವ ನಮ್ಮ ಮಶಿನ್ ಶಾಪಿನ 26 ಕಂಪ್ಯೂಟರುಗಳಲ್ಲಿ, ನಾವು ಒಪ್ಪಿದ ಪ್ರೋಗ್ರಾಂ ಬಿಟ್ಟು ಬೇರೇನೂ ಓಡದಂತೆ ಮಾಡಬೇಕಿತ್ತು. ಇದಕ್ಕೇ ಅಪ್ಲಿಕೇಶನ್ ಕಂಟ್ರೋಲ್ ಅಥವಾ ವೈಟ್‌ಲಿಸ್ಟ್ ಎನ್ನುತ್ತಾರೆ. ಆಂಟಿವೈರಸ್ ಮೊದಲಿನಿಂದಲೂ ಇದೆ. ಅದು ಕೆಟ್ಟದ್ದೆಂದು ಗೊತ್ತಾದದ್ದನ್ನು ಹಿಡಿಯುತ್ತದೆ, ಇನ್ನೂ ಯಾರಿಗೂ ಗೊತ್ತಾಗದ್ದನ್ನು ಎಷ್ಟೋ ಸಲ ಬಿಟ್ಟುಬಿಡುತ್ತದೆ.

ಈ ಕೆಲಸಕ್ಕೆ ಎರಡು ಕಾರಣ. ವಾಹನ ಬಿಡಿಭಾಗ ಕೊಳ್ಳುವ ಗ್ರಾಹಕ ಕಂಪನಿಯೊಂದು ಪೂರೈಕೆದಾರರಿಗೆ ಕಳಿಸುವ ಭದ್ರತಾ ಪ್ರಶ್ನಾವಳಿಯಲ್ಲಿ 2025ರಲ್ಲಿ ‘ಅಪ್ಲಿಕೇಶನ್ ಕಂಟ್ರೋಲ್ ಇದೆಯೇ? ಇದ್ದರೆ ಲಾಗ್ ತೋರಿಸಿ’ ಎಂದು ಹೊಸ ಸಾಲು ಸೇರಿಸಿತು. ಇನ್ನೊಂದು, ಶಾಪ್ ಫ್ಲೋರಿನ ಪೆನ್‌ಡ್ರೈವುಗಳಲ್ಲಿ ಮತ್ತೆ ಮತ್ತೆ ಬರುವ ಶಾರ್ಟ್‌ಕಟ್ ವೈರಸ್. ಫೋಲ್ಡರುಗಳೆಲ್ಲ ಬಚ್ಚಿಟ್ಟು ಅವುಗಳ ಜಾಗದಲ್ಲಿ ಅದೇ ಹೆಸರಿನ ಶಾರ್ಟ್‌ಕಟ್ ಕೂತಿರುತ್ತದೆ. ಒತ್ತಿದರೆ ಫೋಲ್ಡರೂ ತೆರೆಯುತ್ತದೆ, ಹಿಂದೆ ಒಂದು ಸ್ಕ್ರಿಪ್ಟೂ ಓಡುತ್ತದೆ. ಸಿಎನ್‌ಸಿ (ಕಂಪ್ಯೂಟರ್ ಹೇಳಿದಂತೆ ಲೋಹ ಕತ್ತರಿಸುವ ಮಶಿನ್) ಪ್ರೋಗ್ರಾಂ ಒಯ್ಯುವ ಪೆನ್‌ಡ್ರೈವ್ ಡಿಸೈನ್ ವಿಭಾಗದಿಂದ ಮಶಿನ್‌ಗೆ, ಮಶಿನ್‌ನಿಂದ ಕ್ವಾಲಿಟಿಗೆ ದಿನವಿಡೀ ಓಡಾಡುತ್ತದೆ. ಆದ್ದರಿಂದ ಒಂದು ಕಡೆ ಹೊಕ್ಕರೆ ಎಲ್ಲಾ ಕಡೆ ಹೊಕ್ಕಂತೆ.

1. ಜುಲೈ 2025: ಯಾವ ಯಂತ್ರದಲ್ಲಿ ಏನಿದೆ

ತಂತ್ರಾಂಶದ ಬ್ರೋಶರ್ ನೋಡುವ ಮೊದಲು ಎಲ್ಲಾ ಯಂತ್ರಗಳ ವಿಂಡೋಸ್ ಆವೃತ್ತಿ ಬರೆದುಕೊಂಡೆ. ಆಯ್ಕೆಯ ಅರ್ಧ ಇಲ್ಲೇ ಮುಗಿಯುತ್ತದೆ.

ಸರ್ವರ್ 1: ವಿಂಡೋಸ್ ಸರ್ವರ್ 2019. ಡೊಮೇನ್, ಟ್ಯಾಲಿ ಡೇಟಾ, ಡ್ರಾಯಿಂಗ್ ಎಲ್ಲಾ ಅದರಲ್ಲೇ.
ಆಫೀಸು ಮತ್ತು ಡಿಸೈನ್ 17: ಹದಿಮೂರರಲ್ಲಿ ವಿಂಡೋಸ್ 11 ಪ್ರೊ, ನಾಲ್ಕರಲ್ಲಿ ವಿಂಡೋಸ್ 10 ಪ್ರೊ.
ಶಾಪ್ ಫ್ಲೋರ್ 8: ಉತ್ಪಾದನೆ ನಮೂದಿಸುವ 3 ವಿಂಡೋಸ್ 11 ಪಿಸಿ, ಸಿಎನ್‌ಸಿಗೆ ಪ್ರೋಗ್ರಾಂ ಕಳಿಸುವ 4 ಡಿಎನ್‌ಸಿ ಪಿಸಿ, ಅಳತೆಯ ಸಿಎಂಎಂ ಯಂತ್ರದ 1 ಪಿಸಿ. ಕೊನೆಯ ಐದೂ ವಿಂಡೋಸ್ 7 ಪ್ರೊಫೆಶನಲ್, 32 ಬಿಟ್, 2 ಜಿಬಿ ರ್‍ಯಾಮ್.

ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2020ರ ಜನವರಿ 14ಕ್ಕೇ ಮುಗಿದಿದೆ. ಆದರೂ ಆ ಪಿಸಿಗಳನ್ನು ತೆಗೆಯುವಂತಿಲ್ಲ. ಡಿಎನ್‌ಸಿಯ ಸೀರಿಯಲ್ ಕಾರ್ಡೂ ಅದರ ಡ್ರೈವರೂ ಹೊಸ ವಿಂಡೋಸಿನಲ್ಲಿ ಕೂರುವುದಿಲ್ಲ. ಪ್ಯಾಚ್ ಬರದ ಯಂತ್ರಕ್ಕೇ ವೈಟ್‌ಲಿಸ್ಟ್ ಹೆಚ್ಚು ಬೇಕು. ಅದರಲ್ಲಿ ಓಡುವುದು ನಾಲ್ಕೈದು ಪ್ರೋಗ್ರಾಂ ಮಾತ್ರ, ವರ್ಷಗಟ್ಟಲೆ ಬದಲಾಗುವುದೂ ಇಲ್ಲ.

2. ಜುಲೈ: ಆಯ್ಕೆ

ಮೂರು ಬಗೆಯ ಸರಕು ಮುಂದೆ ಬಂತು.

ಮೊದಲನೆಯದು ಆಂಟಿವೈರಸ್ ಸೂಟಿನೊಳಗೇ ಇರುವ ‘ಅಪ್ಲಿಕೇಶನ್ ಕಂಟ್ರೋಲ್’. ಹೆಸರು ಅದೇ ಇದ್ದರೂ ನಾನು ನೋಡಿದ ಡೆಮೊಗಳಲ್ಲಿ ಅದು ವರ್ಗವಾರು ತಡೆಯಾಗಿತ್ತು: ಟೊರೆಂಟ್ ತಡೆ, ಗೇಮ್ ತಡೆ, ಮೆಸೆಂಜರ್ ತಡೆ. ಅದರ ಪಟ್ಟಿಯಲ್ಲಿ ಇಲ್ಲದ್ದು ಸಲೀಸಾಗಿ ಓಡುತ್ತದೆ. ಇದನ್ನು ಪರೀಕ್ಷಿಸಲು ದುಡ್ಡು ಬೇಕಿಲ್ಲ. ವಿಂಡೋಸಿನ ಡಾಟ್‌ನೆಟ್ ಫೋಲ್ಡರಿನಲ್ಲಿ ಒಂದು ಸಿ ಶಾರ್ಪ್ ಕಂಪೈಲರ್ ಮೊದಲಿನಿಂದಲೇ ಇರುತ್ತದೆ. ಪರದೆಯ ಮೇಲೆ ‘ಓಡಿತು’ ಎಂದಷ್ಟೇ ತೋರಿಸುವ ನಾಲ್ಕು ಸಾಲಿನ ಪ್ರೋಗ್ರಾಂ ಬರೆದು, ಅಲ್ಲೇ ಕಂಪೈಲ್ ಮಾಡಿ ಪೆನ್‌ಡ್ರೈವಿಗೆ ಹಾಕಿದೆ. ಜಗತ್ತಿನ ಯಾವ ಆಂಟಿವೈರಸ್ಸೂ ಆ ಫೈಲನ್ನು ಹಿಂದೆ ನೋಡಿರಲು ಸಾಧ್ಯವಿಲ್ಲ. ಮಾರಲು ಬಂದವರ ಡೆಮೊ ಪಿಸಿಗೆ ಅದನ್ನು ಹಚ್ಚಿ ಎರಡು ಸಲ ಒತ್ತಿದೆ. ‘ಓಡಿತು’ ಎಂದು ಬಂದರೆ ಅದು ವೈಟ್‌ಲಿಸ್ಟ್ ಅಲ್ಲ, ಮುಂದಿನ ಮಾತು ಬೇಡ. ಖರೀದಿಗೆ ಹೊರಟವರಿಗೆಲ್ಲ ಈ ಒಂದು ಪರೀಕ್ಷೆಯನ್ನು ಒತ್ತಿ ಹೇಳುತ್ತೇನೆ.

ಎರಡನೆಯದು ಇದಕ್ಕೆಂದೇ ಮಾಡಿದ ತಂತ್ರಾಂಶ. ಥ್ರೆಟ್‌ಲಾಕರ್, ಏರ್‌ಲಾಕ್ ಡಿಜಿಟಲ್ ಇಂಥವು. ಟ್ರೆಲಿಕ್ಸ್ ಅಪ್ಲಿಕೇಶನ್ ಕಂಟ್ರೋಲ್, ಟಿಎಕ್ಸ್‌ವನ್‌ನ ಸ್ಟೆಲ್ಲರ್ ಇವು ಹಳೆಯ ವಿಂಡೋಸ್ ಇರುವ ಕಾರ್ಖಾನೆ ಯಂತ್ರಗಳಿಗೂ ಬರುತ್ತವೆ. ಕೆಲಸ ಗಟ್ಟಿ. ಆದರೆ ನಮಗೆ ಸಿಕ್ಕ ಕೊಟೇಶನ್ನುಗಳಲ್ಲಿ ಒಂದರಲ್ಲಿ ಕನಿಷ್ಠ 50 ಸೀಟು ಕೊಳ್ಳಬೇಕೆಂದಿತ್ತು, ನಮ್ಮವು 26. ಇನ್ನೊಂದಕ್ಕೆ ಹಿಂದೆ ಒಂದು ಮ್ಯಾನೇಜ್‌ಮೆಂಟ್ ಸರ್ವರ್ ಬೇರೆ ಬೇಕಿತ್ತು.

ಮೂರನೆಯದು ವಿಂಡೋಸಿನೊಳಗೇ ಇರುವುದು. ಆಪ್‌ಲಾಕರ್ ವಿಂಡೋಸ್ 7ರ ಕಾಲದಿಂದ ಇದೆ. ಮೊದಲು ಅದರ ರೂಲ್ ಜಾರಿಗೆ ಎಂಟರ್‌ಪ್ರೈಸ್ ಆವೃತ್ತಿ ಬೇಕಾಗುತ್ತಿತ್ತು. ಈಗ ವಿಂಡೋಸ್ 10ರ 2004 ಆವೃತ್ತಿಯಿಂದ ಈಚೆಗೆ ಅಪ್‌ಡೇಟ್ ಆಗಿರುವ ಪ್ರೊದಲ್ಲೂ ಜಾರಿಯಾಗುತ್ತದೆ. ಇದನ್ನು ತಿಳಿಯದೆ ಎಷ್ಟೋ ಸಲಹೆಗಾರರು ‘ಪ್ರೊದಾಗ ಆಗೂದಿಲ್ರಿ’ ಎನ್ನುತ್ತಾರೆ. ಇನ್ನೊಂದು ಆಪ್ ಕಂಟ್ರೋಲ್ ಫಾರ್ ಬಿಸಿನೆಸ್, ಹಿಂದೆ ಡಬ್ಲ್ಯುಡಿಎಸಿ ಎನ್ನುತ್ತಿದ್ದರು. ಅದು ವಿಂಡೋಸಿನ ತಿರುಳಾದ ಕರ್ನೆಲ್ ಮಟ್ಟದಲ್ಲೇ ತಡೆಯುತ್ತದೆ, ಡ್ರೈವರನ್ನೂ ಬಿಡುವುದಿಲ್ಲ. ಆಪ್‌ಲಾಕರ್‌ಗಿಂತ ಬಲವಾದದ್ದು. ಆದರೆ ಇಡೀ ಯಂತ್ರಕ್ಕೆ ಒಂದೇ ಕಟ್ಟಳೆ, ‘ಅಕೌಂಟ್ಸ್‌ನವರಿಗೆ ಮಾತ್ರ’ ಎಂದು ಬೇರ್ಪಡಿಸಲು ಬರುವುದಿಲ್ಲ.

ಅಮೆರಿಕದ ಸರ್ಕಾರಿ ಮಾನದಂಡ ಸಂಸ್ಥೆ ಎನ್‌ಐಎಸ್‌ಟಿ 2015ರಲ್ಲಿ ಹೊರತಂದ 800-167 ಮಾರ್ಗದರ್ಶಿಯೂ ಆಪರೇಟಿಂಗ್ ಸಿಸ್ಟಮ್ಮಿನೊಳಗೆ ಇರುವ ವೈಟ್‌ಲಿಸ್ಟ್ ಸಾಧನವನ್ನು ಪರಿಗಣಿಸಿ ಎನ್ನುತ್ತದೆ. ನನ್ನ ತೀರ್ಮಾನಕ್ಕೆ ಇನ್ನೊಂದು ಕಾರಣವಿತ್ತು. ಲೈಸೆನ್ಸಿನ ದುಡ್ಡು ವರ್ಷಕ್ಕೊಮ್ಮೆ ಕೊಟ್ಟರೆ ಮುಗಿಯಿತು. ‘ಹೊಸ ಆವೃತ್ತಿ ಬಂದೈತಿ, ಓಡವಲ್ದು’ ಎಂಬ ಫೋನಿಗೆ ವಾರ ವಾರ ಉತ್ತರ ಕೊಡುವವರು ಯಾರು ಎಂಬುದೇ ನಿಜವಾದ ಖರ್ಚು. ಆ ಉತ್ತರ ಹೇಗೂ ನಾನೇ ಕೊಡಬೇಕು. ಹಾಗಿದ್ದ ಮೇಲೆ ನನಗೆ ಒಳಗಿನಿಂದ ಗೊತ್ತಿರುವ ಸಾಧನವೇ ಆಗಲಿ ಎಂದೆ, ಮಾಲಕರು ಒಪ್ಪಿದರು.

ಕೊನೆಗೆ ಹಂಚಿದ್ದು ಹೀಗೆ:
ಆಪ್‌ಲಾಕರ್: 20 ಯಂತ್ರ (ಸರ್ವರ್, ಆಫೀಸು, ಡಿಸೈನ್, ಶಾಪ್ ಫ್ಲೋರಿನ 3 ಹೊಸ ಪಿಸಿ).
ಆಪ್ ಕಂಟ್ರೋಲ್ ಫಾರ್ ಬಿಸಿನೆಸ್: ಬ್ಯಾಂಕ್ ಪಾವತಿ ಮಾಡುವ 1 ಪಿಸಿ.
ವಿಂಡೋಸಿನದೇ ಹಳೆಯ ಸಾಧನವಾದ ಸಾಫ್ಟ್‌ವೇರ್ ರಿಸ್ಟ್ರಿಕ್ಷನ್ ಪಾಲಿಸಿ: ವಿಂಡೋಸ್ 7ರ 4 ಡಿಎನ್‌ಸಿ ಪಿಸಿ.
ಸಿಎಂಎಂ ಪಿಸಿ: ಸದ್ಯಕ್ಕೆ ಪ್ರತ್ಯೇಕ.

3. ಆಗಸ್ಟ್ ಮೊದಲ ವಾರ: ಅಡ್ಮಿನ್ ಹಕ್ಕು ತೆಗೆಯುವುದು

ಎಲ್ಲರೂ ತಮ್ಮ ತಮ್ಮ ಪಿಸಿಯ ಅಡ್ಮಿನ್ ಆಗಿದ್ದರು. ಆಪ್‌ಲಾಕರಿನ ಡಿಫಾಲ್ಟ್ ರೂಲ್ ಅಡ್ಮಿನ್ನರಿಗೆ ಎಲ್ಲವನ್ನೂ ಬಿಡುತ್ತದೆ. ಹಾಗಾಗಿ ಈ ಹೆಜ್ಜೆ ಇಲ್ಲದೆ ಮುಂದಿನದೆಲ್ಲ ವ್ಯರ್ಥ. ಲೋಕಲ್ ಅಡ್ಮಿನ್ ಪಾಸ್‌ವರ್ಡನ್ನು ವಿಂಡೋಸ್ ಲ್ಯಾಪ್ಸ್‌ಗೆ ಒಪ್ಪಿಸಿದೆ. 2023ರ ಏಪ್ರಿಲ್ ಅಪ್‌ಡೇಟಿನಿಂದ ಅದು ವಿಂಡೋಸಿನಲ್ಲೇ ಬಂದಿದೆ. ಪ್ರತಿ ಯಂತ್ರಕ್ಕೂ ಬೇರೆ ಪಾಸ್‌ವರ್ಡ್, ತಾನಾಗಿಯೇ ಬದಲಾಗುತ್ತದೆ.

ಹಕ್ಕು ತೆಗೆದ ಕೂಡಲೇ ಡಿಸೈನ್ ವಿಭಾಗದ ಒಂದು ಹಳೆಯ ನೆಸ್ಟಿಂಗ್ (ಲೋಹದ ಹಾಳೆಯಲ್ಲಿ ಭಾಗಗಳನ್ನು ಹೊಂದಿಸುವ) ತಂತ್ರಾಂಶ ನಿಂತಿತು. ಅದು ತನ್ನ ಸೆಟ್ಟಿಂಗ್ ಫೈಲನ್ನು ಪ್ರೋಗ್ರಾಂ ಫೈಲ್ಸ್‌ನ ತನ್ನದೇ ಫೋಲ್ಡರಿನಲ್ಲಿ ಬರೆಯುತ್ತದೆ, ಸಾಮಾನ್ಯ ಲಾಗಿನ್‌ಗೆ ಅಲ್ಲಿ ಬರೆಯುವ ಹಕ್ಕಿಲ್ಲ. ಎಲ್ಲರೂ ಮಾಡುವಂತೆ ಆ ಫೋಲ್ಡರಿಗೆ ‘ಮಾಡಿಫೈ’ ಹಕ್ಕು ಕೊಟ್ಟೆ, ತಂತ್ರಾಂಶ ಓಡಿತು. ಆದರೆ ಇದರಿಂದ ಒಂದು ಕಂಡಿ ತೆರೆಯುತ್ತದೆ. ಪ್ರೋಗ್ರಾಂ ಫೈಲ್ಸ್‌ನೊಳಗೆ ಇರುವುದೆಲ್ಲ ಓಡಲಿ ಎಂದು ಪಾತ್ ರೂಲ್ (ಫೈಲ್ ಇರುವ ಜಾಗ ನೋಡುವ ರೂಲ್) ಹೇಳುತ್ತದೆ. ಈಗ ಅದರೊಳಗಿನ ಒಂದು ಫೋಲ್ಡರಿಗೆ ಯಾರು ಬೇಕಾದರೂ ಏನು ಬೇಕಾದರೂ ಹಾಕಬಹುದು. ನನ್ನ ‘ಓಡಿತು’ ಪ್ರೋಗ್ರಾಮನ್ನು ಅಲ್ಲಿಗೆ ನಕಲು ಮಾಡಿ ನೋಡಿದೆ, ಓಡಿತು. ಆ ಫೋಲ್ಡರನ್ನು ಪಾತ್ ರೂಲಿನಿಂದ ಹೊರಗಿಟ್ಟು, ತಂತ್ರಾಂಶದ ಮೂರು ಎಕ್ಸ್‌ಇ ಫೈಲುಗಳಿಗೆ ಮಾತ್ರ ಹ್ಯಾಶ್ ರೂಲ್ (ಫೈಲಿನ ಬೆರಳಚ್ಚಿನಂಥ ಗುರುತು ನೋಡುವ ರೂಲ್) ಬರೆದ ಮೇಲೆ ಕಂಡಿ ಮುಚ್ಚಿತು.

ವಿಂಡೋಸ್ ಫೋಲ್ಡರಿನೊಳಗೂ ಇಂಥ ಜಾಗಗಳು ಇವೆ: ಟೆಂಪ್, ಟಾಸ್ಕ್ಸ್, ಟ್ರೇಸಿಂಗ್, ಪ್ರಿಂಟರ್ ಸ್ಪೂಲಿನೊಳಗಿನ ಕಲರ್ ಫೋಲ್ಡರ್. ಸಾಮಾನ್ಯ ಬಳಕೆದಾರರು ಅಲ್ಲಿ ಬರೆಯಬಹುದು, ಡಿಫಾಲ್ಟ್ ರೂಲ್ ಅಲ್ಲಿಂದ ಓಡಿಸಲೂ ಬಿಡುತ್ತದೆ. ಸಿಸ್‌ಇಂಟರ್ನಲ್ಸ್‌ನ ಆಕ್ಸೆಸ್‌ಚೆಕ್ ಎಂಬ ಉಚಿತ ಸಾಧನ ಇಂಥ ಫೋಲ್ಡರುಗಳನ್ನೆಲ್ಲ ಪಟ್ಟಿ ಮಾಡಿಕೊಡುತ್ತದೆ. ಬಂದದ್ದನ್ನೆಲ್ಲ ವಿನಾಯಿತಿಯಲ್ಲಿ ಸೇರಿಸಿದೆ. ‘ಡಿಫಾಲ್ಟ್ ರೂಲ್ ಹಾಕಿದ್ದೇವೆ, ಆಯಿತು’ ಎಂದು ನಿಲ್ಲಿಸಿದ ಕಡೆ ಮೊದಲು ನೋಡಬೇಕಾದ್ದು ಇದನ್ನೇ. ಜೊತೆಗೆ ಸಾಮಾನ್ಯ ಬಳಕೆದಾರರಿಗೆ ಎಂಎಸ್‌ಎಚ್‌ಟಿಎ, ಎಂಎಸ್‌ಬಿಲ್ಡ್ ಎರಡಕ್ಕೂ ‘ಡಿನೈ’ ಹಾಕಿದೆ, ಪರೀಕ್ಷೆಗೆ ಬಳಸಿದ ಆ ಕಂಪೈಲರಿಗೂ ಹಾಕಿದೆ. ಮೈಕ್ರೋಸಾಫ್ಟ್ ಸಹಿ ಇರುವ ಪ್ರೋಗ್ರಾಮುಗಳೇ ಆದರೂ ಬೇರೆಯವರ ಕೋಡನ್ನು ಕಟ್ಟಲು, ಓಡಿಸಲು ಬಳಸಿಕೊಳ್ಳಬಹುದು. ನಮ್ಮಲ್ಲಿ ಯಾರಿಗೂ ಅವುಗಳ ಕೆಲಸವಿಲ್ಲ.

4. ಆಗಸ್ಟ್: ಆಡಿಟ್ ಮೋಡ್

ಆಪ್‌ಲಾಕರಿನಲ್ಲಿ ಎಕ್ಸ್‌ಇ, ಇನ್‌ಸ್ಟಾಲರ್, ಸ್ಕ್ರಿಪ್ಟ್, ಪ್ಯಾಕೇಜ್ ಆಪ್ ಎಂದು ರೂಲುಗಳ ಬೇರೆ ಬೇರೆ ಗುಂಪು. ಪ್ರತಿ ಗುಂಪಿಗೂ ‘ಆಡಿಟ್ ಓನ್ಲಿ’ (ತಡೆಯದೆ ಲಾಗಿನಲ್ಲಿ ಬರೆಯುವುದು ಮಾತ್ರ) ಎಂದು ಟಿಕ್ ಮಾಡಿಯೇ ಮುಂದೆ ಹೋಗಬೇಕು. ರೂಲ್ ಬರೆದು ‘ನಾಟ್ ಕಾನ್ಫಿಗರ್ಡ್’ ಎಂದೇ ಬಿಟ್ಟರೆ ಅದು ಸುಮ್ಮನಿರುವುದಿಲ್ಲ, ಜಾರಿಯಾಗುತ್ತದೆ. ಪರೀಕ್ಷೆಯ ಪಿಸಿಯಲ್ಲಿ ಇದು ಕಣ್ಣಾರೆ ಕಂಡದ್ದು.

ಅಪ್ಲಿಕೇಶನ್ ಐಡೆಂಟಿಟಿ ಎಂಬ ಸರ್ವಿಸ್ ಓಡುತ್ತಿರಬೇಕು. ಇಲ್ಲದಿದ್ದರೆ ಯಾವ ರೂಲೂ ಕೆಲಸ ಮಾಡುವುದಿಲ್ಲ, ಮಾಡುತ್ತಿಲ್ಲ ಎಂಬ ಸೂಚನೆಯೂ ಬರುವುದಿಲ್ಲ. ಸರ್ವಿಸಸ್ ಕಿಟಕಿಯಿಂದ ಅದನ್ನು ಆಟೋಮ್ಯಾಟಿಕ್ ಮಾಡಲು ವಿಂಡೋಸ್ 10, 11 ಬಿಡುವುದಿಲ್ಲ. ಸರ್ವರಿನಿಂದ ಎಲ್ಲಾ ಪಿಸಿಗೂ ಸೆಟ್ಟಿಂಗ್ ಕಳಿಸುವ ಗ್ರೂಪ್ ಪಾಲಿಸಿಯಿಂದ ಮಾಡಿದೆ.

ಲಾಗಿನ ಡಿಫಾಲ್ಟ್ ಗಾತ್ರ ಸುಮಾರು 1 ಎಂಬಿ ಮಾತ್ರ, ಬೇಗ ತುಂಬಿ ಹಳೆಯದು ಅಳಿಸಿಹೋಗುತ್ತದೆ. 64 ಎಂಬಿಗೆ ಏರಿಸಿದೆ. ಎಲ್ಲಾ ಯಂತ್ರಗಳ ಲಾಗನ್ನು ವಿಂಡೋಸ್ ಈವೆಂಟ್ ಫಾರ್ವರ್ಡಿಂಗ್ ಮೂಲಕ ಸರ್ವರಿಗೆ ತಂದೆ. ಆಡಿಟ್‌ನಲ್ಲಿ ‘ಜಾರಿಯಾಗಿದ್ದರೆ ಇದು ನಿಲ್ಲುತ್ತಿತ್ತು’ ಎನ್ನುವ ಈವೆಂಟ್ 8003, ಜಾರಿಯಾದ ಮೇಲೆ ನಿಜವಾಗಿ ತಡೆದದ್ದು 8004.

ಗಣಪತಿ ಹಬ್ಬದ ತನಕ ಆಡಿಟ್ ಓಡಿತು. ಸಾವಿರಾರು 8003 ಬಂದವು, ಒಂದೇ ಫೈಲಿನವನ್ನು ಒಟ್ಟುಮಾಡಿದರೆ ಉಳಿದದ್ದು ನೂರೈವತ್ತರ ಒಳಗೆ. ಅದರಲ್ಲಿ ಬಹುಪಾಲು ಆಪ್‌ಡೇಟಾ ಎಂಬ, ಬಳಕೆದಾರರು ತಾವೇ ಬರೆಯಬಲ್ಲ ಫೋಲ್ಡರಿನಿಂದ ಓಡುವ ಸಭ್ಯ ತಂತ್ರಾಂಶಗಳೇ: ಜೂಮ್, ಕ್ರೋಮ್, ಒನ್‌ಡ್ರೈವ್. ಒಬ್ಬೊಬ್ಬರು ತಮ್ಮ ಲಾಗಿನ್‌ನಲ್ಲೇ ಹಾಕಿಕೊಂಡವು. ಆಪ್‌ಡೇಟಾಗೆ ಪಾತ್ ರೂಲ್ ಕೊಟ್ಟರೆ ವೈರಸ್ಸಿಗೇ ಬಾಗಿಲು ತೆರೆದಂತೆ, ಏಕೆಂದರೆ ಬಂದು ಕೂರುವುದು ಅದೂ ಅಲ್ಲೇ. ರೂಲ್ ಬರೆಯುವ ಬದಲು ಎಲ್ಲವನ್ನೂ ತೆಗೆದು ಪ್ರೋಗ್ರಾಂ ಫೈಲ್ಸ್‌ಗೆ ಹೋಗುವ ಇನ್‌ಸ್ಟಾಲರಿನಿಂದ ಮತ್ತೆ ಹಾಕಿದೆ. ಪಟ್ಟಿ ಒಮ್ಮೆಲೇ ಅರ್ಧಕ್ಕಿಳಿಯಿತು.

ಉಳಿದದ್ದರಲ್ಲಿ ಹೇಳಬೇಕಾದ್ದು:

ಟ್ಯಾಲಿ ಡಿ ಡ್ರೈವಿನಲ್ಲಿತ್ತು, ಫೋಲ್ಡರಿಗೆ ಎಲ್ಲರೂ ಬರೆಯಬಹುದಿತ್ತು. ಪಾತ್ ಬೇಡವೆಂದು ಡಿಜಿಟಲ್ ಸಹಿಯ ಆಧಾರದ ಪಬ್ಲಿಷರ್ ರೂಲ್ ಬರೆದೆ, ‘ಈ ಆವೃತ್ತಿ ಮತ್ತು ಮೇಲಿನವು’ ಎಂದು. ಅಪ್‌ಡೇಟ್ ಬಂದರೂ ರೂಲ್ ಮುಟ್ಟಬೇಕಿಲ್ಲ.

ಹಳೆಯ ಕನ್ನಡ ಟೈಪಿಂಗ್ ತಂತ್ರಾಂಶದ ನಮ್ಮ ಪ್ರತಿಗೆ ಸಹಿ ಇರಲಿಲ್ಲ. ಹ್ಯಾಶ್ ರೂಲ್. ಅದು ವರ್ಷಗಳಿಂದ ಬದಲಾಗಿಲ್ಲ, ಹಾಗಾಗಿ ತೊಂದರೆಯಿಲ್ಲ.

ಸರ್ವರಿನಿಂದ ಓಡುವ ಟೂಲ್ ಲೈಫ್ ಲೆಕ್ಕದ ಪ್ರೋಗ್ರಾಂ: ಜಡ್ ಡ್ರೈವ್ ಎಂದು ಬರೆದ ರೂಲ್ ಹಿಡಿಯಲಿಲ್ಲ. ಸರ್ವರ್ ಹೆಸರು, ಶೇರ್ ಹೆಸರು ಪೂರ್ತಿ ಬರೆದ ಮೇಲೆ ಹಿಡಿಯಿತು.

ರಿಮೋಟ್ ಸಾಧನಗಳು: ಬೇರೆ ಬೇರೆ ವೆಂಡರುಗಳು ಸಪೋರ್ಟಿಗೆಂದು ಇಳಿಸಿ ಬಿಟ್ಟುಹೋದ ನಾಲ್ಕು ಬಗೆಯವು ಡೌನ್‌ಲೋಡ್ಸ್ ಫೋಲ್ಡರುಗಳಲ್ಲಿ ಸಿಕ್ಕವು. ಒಂದನ್ನು ಸರಿಯಾಗಿ ಇನ್‌ಸ್ಟಾಲ್ ಮಾಡಿ ಉಳಿಸಿ, ಮಿಕ್ಕವನ್ನು ತೆಗೆದೆ. ‘ಬ್ಯಾಂಕಿನಿಂದ ಮಾತಾಡ್ತಿದೀವಿ, ಈ ಆಪ್ ಇಳಿಸಿಕೊಳ್ಳಿ’ ಎಂಬ ಕರೆಗೆ ಯಾರಾದರೂ ಮರುಳಾದರೂ ಇನ್ನು ಮುಂದೆ ಆ ಆಪ್ ನಮ್ಮ ಪಿಸಿಯಲ್ಲಿ ತೆರೆಯುವುದಿಲ್ಲ. ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಇದೊಂದೇ ಸಾಕಿತ್ತು.

5. ಸೆಪ್ಟೆಂಬರ್ 8, ಸೋಮವಾರ: ಆಫೀಸಿನಲ್ಲಿ ಜಾರಿ

ಅನಂತ ಚತುರ್ದಶಿ ಶನಿವಾರ ಸೆಪ್ಟೆಂಬರ್ 6ಕ್ಕಿತ್ತು. ಬೆಳಗಾವಿಯ ವಿಸರ್ಜನೆ ಮೆರವಣಿಗೆ ಮರುದಿನದವರೆಗೂ ನಡೆಯುತ್ತದೆ, ಅಷ್ಟರೊಳಗೆ ಹೊಸದೇನನ್ನೂ ಶುರುಮಾಡುವಂತಿಲ್ಲ. ಸೋಮವಾರ ಬೆಳಿಗ್ಗೆ ಎಕ್ಸ್‌ಇ ಮತ್ತು ಸ್ಕ್ರಿಪ್ಟ್ ಎರಡೂ ಗುಂಪನ್ನು ಜಾರಿಗೆ ತಂದೆ. ಹಗಲಿಡೀ ಒಂದೇ ಫೋನ್ ಬಂತು, ಅದೂ ಪ್ರಿಂಟರಿನ ಸ್ಕ್ಯಾನ್ ಸಾಧನದ್ದು.

ಕೈಕೊಟ್ಟದ್ದು ರಾತ್ರಿ. ಟ್ಯಾಲಿ ಡೇಟಾವನ್ನು ಹೊರಗಿನ ಡಿಸ್ಕಿಗೆ ನಕಲು ಮಾಡುವ ಬ್ಯಾಚ್ ಫೈಲೊಂದು ಅಕೌಂಟ್ಸ್ ಲಾಗಿನ್‌ನಲ್ಲಿ ಹನ್ನೊಂದಕ್ಕೆ ಓಡುತ್ತದೆ. ಅದನ್ನು ಆಪ್‌ಲಾಕರ್ ತಡೆಯಿತು. ರಾತ್ರಿ ಪರದೆಯ ಮುಂದೆ ಯಾರೂ ಇಲ್ಲ, ಹಾಗಾಗಿ ‘ತಡೆಯಲಾಗಿದೆ’ ಎಂಬ ಸಂದೇಶವನ್ನು ನೋಡುವವರೂ ಇಲ್ಲ. ಬೆಳಿಗ್ಗೆ ಡಿಸ್ಕಿನಲ್ಲಿ ಹಿಂದಿನ ದಿನದ ತಾರೀಖಿನ ಫೋಲ್ಡರ್ ಕಾಣಲಿಲ್ಲ ಎಂದೇ ಗೊತ್ತಾದದ್ದು.

ಆಡಿಟ್‌ನಲ್ಲಿ ಇದು ಮೊದಲೇ ಸಿಗಬೇಕಿತ್ತು. ಸಿಗದಿದ್ದ ಕಾರಣ ಇದು: ಆಪ್‌ಲಾಕರ್ ಎಕ್ಸ್‌ಇಗಳ ವರದಿಯನ್ನು ಒಂದು ಲಾಗಿನಲ್ಲಿ, ಇನ್‌ಸ್ಟಾಲರ್ ಮತ್ತು ಸ್ಕ್ರಿಪ್ಟುಗಳ ವರದಿಯನ್ನು ಬೇರೊಂದು ಲಾಗಿನಲ್ಲಿ ಬರೆಯುತ್ತದೆ. ಸ್ಕ್ರಿಪ್ಟಿನ ಆಡಿಟ್ ಈವೆಂಟಿನ ಸಂಖ್ಯೆಯೂ ಬೇರೆ, 8006, ತಡೆದದ್ದು 8007. ಸರ್ವರಿನ ಸಬ್‌ಸ್ಕ್ರಿಪ್ಶನ್ನಿನಲ್ಲಿ (ಯಾವ ಲಾಗ್ ತರಬೇಕೆಂಬ ಪಟ್ಟಿಯಲ್ಲಿ) ಮೊದಲ ಲಾಗ್ ಮಾತ್ರ ಸೇರಿತ್ತು. ಎರಡನೆಯದನ್ನು ಸೇರಿಸಿ, ಸ್ಕ್ರಿಪ್ಟ್ ಗುಂಪನ್ನು ಎರಡು ವಾರ ಆಡಿಟ್‌ಗೆ ಹಿಂದಕ್ಕೆ ಹಾಕಿದೆ. ಆಗ ಇನ್ನೂ ಕೆಲವು ಬ್ಯಾಚ್ ಫೈಲುಗಳು ಹೊರಬಿದ್ದವು: ಡ್ರಾಯಿಂಗುಗಳ ಹೆಸರು ಬದಲಿಸುವುದು, ಬಾರ್‌ಕೋಡ್ ಪ್ರಿಂಟರಿಗೆ ಲೇಬಲ್ ಕಳಿಸುವುದು. ಎಲ್ಲವನ್ನೂ ಸರ್ವರಿನ ಒಂದು ಶೇರಿಗೆ ಒಯ್ದೆ. ಓದುವುದು ಎಲ್ಲರಿಗೆ, ಬರೆಯುವುದು ಅಡ್ಮಿನ್‌ಗೆ ಮಾತ್ರ. ರೂಲ್ ಆ ಶೇರಿಗಷ್ಟೇ. ರಾತ್ರಿ ಮತ್ತು ತಿಂಗಳ ಕೊನೆಗೆ ಮಾತ್ರ ಓಡುವ ಕೆಲಸಗಳ ಪಟ್ಟಿಯನ್ನು ಟಾಸ್ಕ್ ಶೆಡ್ಯೂಲರಿನಿಂದ ಮೊದಲೇ ಕೈಯಾರೆ ತೆಗೆದುಕೊಳ್ಳಬೇಕು. ಆಡಿಟ್‌ನ ಅವಧಿಯಲ್ಲಿ ಓಡದೇ ಇದ್ದದ್ದು ಆಡಿಟ್‌ನಲ್ಲಿ ಕಾಣುವುದಿಲ್ಲ.

ಆಪ್‌ಲಾಕರ್ ಮುಟ್ಟದ ಕೆಲವು ಇವೆ, ಅವುಗಳಿಗೆ ಬೇರೆ ಬೀಗ ಬೇಕು. ಎಕ್ಸೆಲ್ ಮ್ಯಾಕ್ರೊ ಅದರ ಕೈಗೆ ಸಿಗುವುದಿಲ್ಲ. ಇಂಟರ್‌ನೆಟ್ಟಿನಿಂದ ಬಂದ ಮ್ಯಾಕ್ರೊ ತಡೆಯುವ ಆಫೀಸ್ ಪಾಲಿಸಿ ಹಾಕಿದೆ. ಡ್ರಾಯಿಂಗ್ ತಂತ್ರಾಂಶ ಆಟೊಕ್ಯಾಡ್‌ನೊಳಗೆ ಓಡುವ ಲಿಸ್ಪ್ ಸ್ಕ್ರಿಪ್ಟ್ ಫೈಲೂ ಸಿಗುವುದಿಲ್ಲ. ಮೆಡ್ರೆ ಎಂಬ ಆಟೊಕ್ಯಾಡ್ ವರ್ಮ್ 2012ರಲ್ಲಿ ಡ್ರಾಯಿಂಗುಗಳನ್ನು ಕದ್ದು ಚೀನಾದ ಇಮೇಲ್ ಖಾತೆಗಳಿಗೆ ಕಳಿಸುತ್ತಿದ್ದದ್ದನ್ನು ಇಸೆಟ್ ಕಂಪನಿ ಪತ್ತೆಹಚ್ಚಿತ್ತು. ಜಾಬ್‌ವರ್ಕ್ ಮಾಡುವ ನಮಗೆ ಗ್ರಾಹಕರ ಡ್ರಾಯಿಂಗ್ ಹೊರಗೆ ಹೋಗುವುದಕ್ಕಿಂತ ದೊಡ್ಡ ನಷ್ಟವಿಲ್ಲ. ಆಟೊಕ್ಯಾಡಿನ ಸೆಕ್ಯೂರ್‌ಲೋಡ್ ಎಂಬ ಸೆಟ್ಟಿಂಗನ್ನು 2ಕ್ಕೆ ಇಟ್ಟು, ನಂಬಿಕೆಯ ಫೋಲ್ಡರ್ ಒಂದನ್ನೇ ಕೊಟ್ಟೆ.

6. ಅಕ್ಟೋಬರ್ 1, ಖಂಡೇನವಮಿ: ಡಿಎನ್‌ಸಿ ಪಿಸಿಗಳು

ಪೂಜೆಗೆ ಮಶಿನ್‌ಗಳೆಲ್ಲ ನಿಲ್ಲುವ ದಿನ. ಬೆಳಿಗ್ಗೆ ಪೂಜೆಯ ಮೊದಲೇ ನಾಲ್ಕೂ ಪಿಸಿಯ ಡಿಸ್ಕನ್ನು ಕ್ಲೋನ್‌ಜಿಲ್ಲಾದಿಂದ ಇಮೇಜ್ ಮಾಡಿ ಹೊರಗಿನ ಡಿಸ್ಕಿಗೆ ತೆಗೆದಿಟ್ಟೆ. ಇಮೇಜ್ ಇಲ್ಲದೆ ಹಳೆಯ ಡಿಎನ್‌ಸಿ ಪಿಸಿಗೆ ಕೈಹಾಕಬಾರದು. ಅದರ ಇನ್‌ಸ್ಟಾಲ್ ಸಿಡಿ ಎಲ್ಲೂ ಸಿಗುವುದಿಲ್ಲ.

ವಿಂಡೋಸ್ 7 ಪ್ರೊಫೆಶನಲ್‌ನಲ್ಲಿ ಆಪ್‌ಲಾಕರ್ ರೂಲ್ ಬರೆಯಬಹುದು, ಜಾರಿಯಾಗುವುದಿಲ್ಲ. ಸಾಫ್ಟ್‌ವೇರ್ ರಿಸ್ಟ್ರಿಕ್ಷನ್ ಪಾಲಿಸಿ ಆಗುತ್ತದೆ. ಹೊಸ ವಿಂಡೋಸುಗಳಲ್ಲಿ ಮೈಕ್ರೋಸಾಫ್ಟ್ ಅದನ್ನು ಕೈಬಿಟ್ಟಿದ್ದರೂ 7ರಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ. ಡಿಫಾಲ್ಟ್ ಮಟ್ಟವನ್ನು ‘ಡಿಸ್‌ಅಲೌಡ್’ ಮಾಡಿ, ವಿಂಡೋಸ್ ಮತ್ತು ಪ್ರೋಗ್ರಾಂ ಫೈಲ್ಸ್ ಫೋಲ್ಡರುಗಳಿಂದ ಓಡಲು ಬಿಟ್ಟು, ಸಿ ಡ್ರೈವಿನಲ್ಲಿ ತನ್ನದೇ ಫೋಲ್ಡರಿನಲ್ಲಿರುವ ಡಿಎನ್‌ಸಿ ಪ್ರೋಗ್ರಾಮಿಗೆ ಹ್ಯಾಶ್ ರೂಲ್ ಕೊಟ್ಟೆ.

ಹಾಕಿದ ಕೂಡಲೇ ಡೆಸ್ಕ್‌ಟಾಪಿನ ಐಕಾನುಗಳೆಲ್ಲ ಸತ್ತವು. ಮಶಿನ್ ಮುಂದೆ ನಿಂತಿದ್ದ ಆಪರೇಟರ್, ‘ಸರ, ಐಕಾನ್ ಒತ್ತಿದ್ರ ಏನೂ ಬರವಲ್ದ್ರಿ, ಪೂಜಿ ದಿನಾನ ಕೆಡಿಸಿಬಿಟ್ಟೇನು?’ ಎಂದು ಗಾಬರಿಯಾದ. ಅವನು ಕೆಡಿಸಿದ್ದೇನೂ ಇರಲಿಲ್ಲ. ಈ ಪಾಲಿಸಿ ತಡೆಯುವ ಫೈಲ್ ಬಗೆಗಳ ಪಟ್ಟಿಯಲ್ಲಿ ಎಲ್‌ಎನ್‌ಕೆ, ಅಂದರೆ ಶಾರ್ಟ್‌ಕಟ್ ಕೂಡ ಇದೆ. ಡೆಸ್ಕ್‌ಟಾಪಿನ ಪ್ರತಿ ಐಕಾನೂ ಅದೇ. ಪಟ್ಟಿಯಿಂದ ಅದನ್ನು ತೆಗೆದರೆ ಐಕಾನ್ ತೆರೆಯುತ್ತದೆ. ಹಾಗಾದರೆ ಶಾರ್ಟ್‌ಕಟ್ ವೈರಸ್ಸಿಗೂ ದಾರಿಯಾಗುತ್ತದಲ್ಲ ಎಂದು ನೋಡಿದೆ. ಆ ಶಾರ್ಟ್‌ಕಟ್ ಕರೆಯುವುದು ಪೆನ್‌ಡ್ರೈವಿನಲ್ಲಿರುವ ಸ್ಕ್ರಿಪ್ಟನ್ನು. ಈ ಪಿಸಿಗಳಲ್ಲಿ ಸ್ಕ್ರಿಪ್ಟಿನ ಕೆಲಸವೇ ಇಲ್ಲದ್ದರಿಂದ ವಿಂಡೋಸ್ ಸ್ಕ್ರಿಪ್ಟ್ ಹೋಸ್ಟನ್ನು ರಿಜಿಸ್ಟ್ರಿಯಲ್ಲಿ ಪೂರ್ತಿ ಆರಿಸಿದೆ. ಸೋಂಕಿನ ನಮೂನೆಯಂತೆಯೇ ಕಟ್ಟಿದ ನಿರುಪದ್ರವಿ ಪೆನ್‌ಡ್ರೈವ್ ಒಂದನ್ನು ಹಚ್ಚಿ ಒತ್ತಿದೆ: ಸ್ಕ್ರಿಪ್ಟ್ ನಿಂತಿತು. ‘ಓಡಿತು’ ಪ್ರೋಗ್ರಾಮನ್ನು ಒತ್ತಿದೆ: ತಡೆಯಿತು, ಅಪ್ಲಿಕೇಶನ್ ಲಾಗಿನಲ್ಲಿ 865 ಬಂತು. ಸಿಎನ್‌ಸಿ ಪ್ರೋಗ್ರಾಂ ಬರೀ ಅಕ್ಷರದ ಫೈಲ್, ಅದಕ್ಕೆ ಯಾವ ಅಡ್ಡಿಯೂ ಇಲ್ಲ. ನಾಲ್ಕೂ ಪಿಸಿಯಿಂದ ಒಂದೊಂದು ಪ್ರೋಗ್ರಾಂ ಮಶಿನ್‌ಗೆ ಕಳಿಸಿ ನೋಡಿಯೇ ಪೂಜೆಗೆ ಬಿಟ್ಟೆವು.

ಪೆನ್‌ಡ್ರೈವಿಗೆ ಪ್ರವೇಶದ ಬಳಿ ಒಂದು ತಪಾಸಣೆ ಪಿಸಿ ಇಟ್ಟೆವು. ಮೂಲೆಗೆ ಬಿದ್ದಿದ್ದ ಯಂತ್ರಕ್ಕೆ ಎಸ್‌ಎಸ್‌ಡಿ ಹಾಕಿ ಲಿನಕ್ಸ್, ಕ್ಲಾಮ್‌ಎವಿ ಎಂಬ ಉಚಿತ ಆಂಟಿವೈರಸ್ ಕೂರಿಸಿದ್ದೇನೆ. ಶಾಪಿನವು ಬಣ್ಣ ಹಚ್ಚಿ ನಂಬರ್ ಬರೆದ 12 ಪೆನ್‌ಡ್ರೈವ್, ಬೇರೆಯವು ಒಳಗೆ ಬರುವಂತಿಲ್ಲ.

7. ಅಕ್ಟೋಬರ್ ಕೊನೆ: ಟಿಡಿಎಸ್ ರಿಟರ್ನ್

ಎರಡನೇ ತ್ರೈಮಾಸಿಕದ ಟಿಡಿಎಸ್ ರಿಟರ್ನಿಗೆ ಅಕ್ಟೋಬರ್ 31 ಗಡುವು. ರಿಟರ್ನ್ ಸಿದ್ಧಪಡಿಸುವ ಆರ್‌ಪಿಯು ಸಾಧನ ಜಾವಾದಲ್ಲಿ ಓಡುತ್ತದೆ. ಇನ್‌ಸ್ಟಾಲರ್ ಇಲ್ಲ, ಝಿಪ್ ಬಿಚ್ಚಿ ಬ್ಯಾಚ್ ಫೈಲ್ ಒತ್ತುವುದು. ಮೇಲಿಂದ ಮೇಲೆ ಹೊಸ ಆವೃತ್ತಿ. ಅಕೌಂಟ್ಸ್ ನೋಡುವ ಕಾಕಾ ಎಂದಿನಂತೆ ಡೆಸ್ಕ್‌ಟಾಪಿನಲ್ಲಿ ಬಿಚ್ಚಿದರು.

‘ಏನಪಾ ಇದು, ಹೋದ ಸಲ ಓಡಿದ್ದು ಈಗ ಯಾಕ ಓಡವಲ್ದು? ಗಡುವು ಮೀರಿದ್ರ ದಿನಕ್ಕ ಇನ್ನೂರು ರೂಪಾಯಿ ದಂಡ ಐತಿ.’

‘ಕಾಕಾ, ಡೆಸ್ಕ್‌ಟಾಪ್ ಮ್ಯಾಲ ಬಿಚ್ಚಬ್ಯಾಡ್ರಿ. ಝಿಪ್ ನನಗ ಕಳಸ್ರಿ, ಜಾಗಾದಾಗ ಇಟ್ಟು ಕೊಡ್ತೀನಿ.’

ಡಿ ಡ್ರೈವಿನಲ್ಲಿ ಟಿಡಿಎಸ್ ಎಂಬ ಫೋಲ್ಡರ್ ಮಾಡಿ, ಬರೆಯುವ ಹಕ್ಕನ್ನು ನನ್ನ ಅಡ್ಮಿನ್ ಲಾಗಿನ್‌ಗೆ ಮಾತ್ರ, ಓಡಿಸುವ ಹಕ್ಕನ್ನು ಅಕೌಂಟ್ಸ್ ಗುಂಪಿಗೆ ಕೊಟ್ಟೆ. ರಿಟರ್ನ್ ಫೈಲ್ ಉಳಿಸಲು ಬೇರೆ ಫೋಲ್ಡರ್. ಝಿಪ್ಪನ್ನು ಅಧಿಕೃತ ತಾಣದಿಂದ ನಾನೇ ಇಳಿಸಿ ಅಲ್ಲಿ ಬಿಚ್ಚುತ್ತೇನೆ.

ಇಲ್ಲಿ ಒಂದು ಕೊರತೆ ಉಳಿದಿದೆ. ಆಪ್‌ಲಾಕರ್‌ಗೆ ಜಾರ್ ಫೈಲ್ (ಜಾವಾ ಪ್ರೋಗ್ರಾಮಿನ ಫೈಲ್) ಕಾಣುವುದಿಲ್ಲ. ಜಾವಾವನ್ನು ಬಿಟ್ಟರೆ ಅದರೊಳಗೆ ಯಾವ ಜಾರ್ ಓಡಿದರೂ ಬಿಟ್ಟಂತೆಯೇ. ಟಿಡಿಎಸ್ಸಿಗೂ ಜಿಎಸ್‌ಟಿ ಡಿಜಿಟಲ್ ಸಹಿಗೂ ಜಾವಾ ಬೇಕೇ ಬೇಕು. ಆದ್ದರಿಂದ ಜಾವಾ ಓಡುವ ಅನುಮತಿಯನ್ನು ಅಕೌಂಟ್ಸ್‌ನ ಎರಡು ಲಾಗಿನ್‌ಗೆ ಮಾತ್ರ ಇಟ್ಟು, ಉಳಿದ ಎಲ್ಲಾ ಯಂತ್ರಗಳಿಂದ ಜಾವಾ ತೆಗೆದೆ.

8. ನವೆಂಬರ್: ಬ್ಯಾಂಕ್ ಪಿಸಿ, ಲಾಗ್, ಖರ್ಚು

ಬ್ಯಾಂಕ್ ಪಿಸಿಯಲ್ಲಿ ಬೇಕಾದ್ದು ಬ್ರೌಸರ್, ಪಿಡಿಎಫ್, ಸಹಿಯ ಟೋಕನ್ನಿನ ಡ್ರೈವರ್ ಇಷ್ಟೇ. ಮೈಕ್ರೋಸಾಫ್ಟಿನ ಉಚಿತ ಪಾಲಿಸಿ ವಿಝಾರ್ಡಿನಲ್ಲಿ ‘ಡಿಫಾಲ್ಟ್ ವಿಂಡೋಸ್’ ನಮೂನೆ ಆರಿಸಿ, ಟೋಕನ್ ಮತ್ತು ಬ್ರೌಸರಿಗೆ ಸಹಿಯ ರೂಲ್ ಸೇರಿಸಿ ಆಡಿಟ್‌ನಲ್ಲಿ ಓಡಿಸಿದೆ. ಕೋಡ್ ಇಂಟೆಗ್ರಿಟಿ ಲಾಗಿನಲ್ಲಿ 3076 ಬರುವುದು ನಿಂತ ಮೇಲೆ ಜಾರಿ. ಇದೇ ಪಾಲಿಸಿಯನ್ನು ಡಿಸೈನ್ ಪಿಸಿಯೊಂದರಲ್ಲೂ ಆಡಿಟ್‌ನಲ್ಲಿ ನೋಡಿದ್ದೆ. ಲೈಸೆನ್ಸ್ ಡಾಂಗಲಿನ ಹಳೆಯ ಡ್ರೈವರೇ ಸಿಕ್ಕಿಬಿದ್ದಿತ್ತು. ಜಾರಿ ಮಾಡಿದ್ದರೆ ಡಿಸೈನ್ ಕೆಲಸವೇ ನಿಲ್ಲುತ್ತಿತ್ತು, ಅದಕ್ಕೇ ಅಲ್ಲಿ ಆಪ್‌ಲಾಕರ್ ಸಾಕೆಂದು ಬಿಟ್ಟದ್ದು.

ಭಾರತ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್‌-ಇನ್‌ನ 2022ರ ಏಪ್ರಿಲ್ 28ರ ನಿರ್ದೇಶನದಂತೆ ಲಾಗುಗಳನ್ನು 180 ದಿನ ಇಡಬೇಕು, ಘಟನೆ ನಡೆದರೆ 6 ಗಂಟೆಯೊಳಗೆ ತಿಳಿಸಬೇಕು. ಸರ್ವರಿನಲ್ಲಿ ಸೇರುವ ಲಾಗನ್ನು ತಿಂಗಳಿಗೊಮ್ಮೆ ಆರ್ಕೈವ್ ಮಾಡುತ್ತಿದ್ದೇನೆ. ಗ್ರಾಹಕರಿಗೆ ಕಳಿಸಿದ್ದೂ ಅದರದ್ದೇ ಒಂದು ವಾರದ ಪ್ರತಿ, ಒಪ್ಪಿಗೆಯಾಯಿತು.

ಕೈಯಿಂದ ಹೋದದ್ದು: ಪೆನ್‌ಡ್ರೈವ್ 12ಕ್ಕೆ 4,200 ರೂಪಾಯಿ, ತಪಾಸಣೆ ಪಿಸಿಯ ಎಸ್‌ಎಸ್‌ಡಿ 1,700, ಇಮೇಜ್ ಇಡಲು 2 ಟಿಬಿ ಡಿಸ್ಕ್ 6,200. ಒಟ್ಟು 12,100. ತಂತ್ರಾಂಶಕ್ಕೆ ಏನೂ ಇಲ್ಲ. ಇದರ ಹೊರಗೆ, ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದ್ದರಿಂದ ಆ ನಾಲ್ಕು ಪಿಸಿಗೆ ವಿಸ್ತರಿತ ಭದ್ರತಾ ಅಪ್‌ಡೇಟ್ ಬೇಕಾಗುತ್ತದೆ: ಉದ್ಯಮಗಳಿಗೆ ಮೊದಲ ವರ್ಷ ಯಂತ್ರಕ್ಕೆ 61 ಡಾಲರ್, ಮುಂದಿನ ವರ್ಷ ಅದರ ಎರಡರಷ್ಟು. ಒಂದು ವರ್ಷಕ್ಕೆ ಮಾತ್ರ ಕೊಂಡು, ಅಷ್ಟರೊಳಗೆ ಪಿಸಿ ಬದಲಿಸುವುದೆಂದು ಮಾಲಕರ ಜೊತೆ ಮಾತಾಗಿದೆ.

ಬಾಕಿ ಇರುವುದು

ಡಿಎಲ್‌ಎಲ್ (ಪ್ರೋಗ್ರಾಮುಗಳು ಒಳಗೆ ಕರೆದುಕೊಳ್ಳುವ ಕೋಡ್ ಫೈಲ್) ರೂಲ್ ಇನ್ನೂ ಹಾಕಿಲ್ಲ. ಅದು ಇಲ್ಲದಿದ್ದರೆ ವಿಂಡೋಸಿನದೇ ಸಾಧನವೊಂದರ ಮೂಲಕ ಹೊರಗಿನ ಡಿಎಲ್‌ಎಲ್ ಓಡಿಸಲು ಅವಕಾಶ ಉಳಿಯುತ್ತದೆ. ಹಾಕಿದರೆ ಹಳೆಯ ಪಿಸಿ ನಿಧಾನವಾಗುತ್ತದೆ. ಡಿಸೈನ್‌ನ ಎರಡು ಯಂತ್ರಗಳಲ್ಲಿ ಆಡಿಟ್ ಶುರುಮಾಡಿದ್ದೇನೆ.

ಸಿಎಂಎಂ ಪಿಸಿಯಲ್ಲಿ ಏನೇ ಬದಲಿಸಿದರೂ ನಿರ್ವಹಣಾ ಒಪ್ಪಂದ ರದ್ದಾಗುತ್ತದೆ ಎಂದು ಯಂತ್ರ ಪೂರೈಸಿದವರು ಬರೆದುಕೊಟ್ಟಿದ್ದಾರೆ. ಸದ್ಯ ನೆಟ್‌ವರ್ಕ್ ಕೇಬಲ್ ತೆಗೆದು, ಅಳತೆ ವರದಿಯನ್ನು ಅದಕ್ಕೇ ಮೀಸಲಾದ 12ನೇ ನಂಬರಿನ ಪೆನ್‌ಡ್ರೈವಿನಲ್ಲಿ ತಪಾಸಣೆ ಪಿಸಿಯ ಮೂಲಕ ತರುತ್ತಿದ್ದೇವೆ. ಕ್ಯಾಲಿಬ್ರೇಶನ್‌ಗೆ ಅವರ ಇಂಜಿನಿಯರ್ ಬಂದಾಗ ಅವರ ಎದುರಿಗೇ ಡಿಸ್ಕ್ ಇಮೇಜ್ ತೆಗೆದು, ಡಿಎನ್‌ಸಿಗೆ ಹಾಕಿದ ಪಾಲಿಸಿಯನ್ನೇ ಅಲ್ಲೂ ಹಾಕಿ, ಒಂದು ಪೂರ್ತಿ ಅಳತೆ ಮಾಡಿಸಿ, ಅವರಿಂದ ಲಿಖಿತ ಒಪ್ಪಿಗೆ ಪಡೆಯಬೇಕಿದೆ.